ಕಪ್ಪಾದ ತಂತಿಯ ತುದಿ

ಬಾಯ್ ಎಂದರೆ ಏಳು. ಅವನು ಹುಟ್ಟಿದ್ದು ಆರನೆಯವನಾಗಿ. ಚೊಚ್ಚಲ ಮಗನನ್ನೇ ‘ಎರಡು’ ಎಂದು ಕೂಗುವ ಮೆಕಾಂಗ್ ಹೊಳೆಯ ದಂಡೆಯಲ್ಲಿ ಲೆಕ್ಕ ಹೀಗೇ ನಡೆಯುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಐವತ್ತೆಂಟು ವರ್ಷದ ಈ ಬಾಯ್‌ನ ಕಸುಬು ಆಂಪ್ಲಿಫೈಯರ್ ರಿಪೇರಿ. ಅಕ್ಕಿಯಿಲ್ಲದ ಮನೆಯಾದರೂ ಸಿಕ್ಕೀತು, ಹಾಡಲು ಮೈಕಿಲ್ಲದ ಮನೆ ಆ ಊರಲ್ಲಿ ಸಿಗದು. ಹಾಗಾಗಿ ಮೂವತ್ತು ವರ್ಷದಿಂದ ಅವನಿಗೆ ಕೈತುಂಬ ಕೆಲಸ, ತಲೆತುಂಬ ಜಂಬ. ‘‘ನನ್ನ ಕಿವೀನೇ ಮೀಟರ್ರು’’ ಎನ್ನುತ್ತಿದ್ದ. ಟೆಸ್ಟರ್ ಅಂಗಿಯ ಜೇಬಿನಲ್ಲಿ ಪೆನ್ನಿನ ಹಾಗೆ ಶೋಭೆಗೆ ಇರುತ್ತಿತ್ತು.

ಇನ್ನೊಂದು ಅಭ್ಯಾಸವೆಂದರೆ ತಾಮ್ರದ ಒಂದು ಚೂರನ್ನೂ ಬಿಸಾಡುವವನಲ್ಲ. ಕತ್ತರಿಸಿದ ತಂತಿ ಮೊದಲು ಜೇಬಿಗೆ, ಆಮೇಲೆ ಬಿಸ್ಕತ್ತಿನ ಡಬ್ಬಿಗೆ. ಡಬ್ಬಿ ತುಂಬಿದಾಗ ಹೆಂಡತಿ ಕ್ವೀ ಅದನ್ನು ಗುಜರಿಗೆ ಹಾಕುತ್ತಿದ್ದಳು.

ಆ ಬೆಳಿಗ್ಗೆ ಕಾಫಿ ಸೋಸುತ್ತಿರುವಾಗ, ಹಿಂದಿನ ದಿನ ತಂದ ತುಂಡೊಂದನ್ನು ಸುಲಿಯಲು ಕೈಗೆತ್ತಿಕೊಂಡ. ಸಿಪ್ಪೆ ಬಿಡಲಿಲ್ಲ. ಕನ್ನಡಕ ಏರಿಸಿ ನೋಡಿದರೆ ತುದಿ ಕಪ್ಪಾಗಿದೆ, ಪ್ಲಾಸ್ಟಿಕ್ ಕರಗಿ ತಾಮ್ರಕ್ಕೆ ಅಂಟಿಕೊಂಡಿದೆ.

ಅದು ನಡುಗಡ್ಡೆಯಲ್ಲಿರುವ ತೂ ಚಿಕ್ಕಮ್ಮನ ಮನೆಯದು. ಚಿಕ್ಕಮ್ಮನಿಗೆ ಎಪ್ಪತ್ತೆಂಟು. ‘‘ನಾಳೆ ಅಪ್ಪನ ತಿಥಿ, ನಲವತ್ತು ಜನ ಬರ್ತಾರೆ, ಹೋಮ್ ಥಿಯೇಟರ್ ಗುಂಯ್ ಅಂತಿದೆ’’ ಎಂದು ಮಗಳು ಲಿಯೆನ್ ಫೋನ್ ಮಾಡಿದ್ದಳು. ಬಾಯ್ ಹೋಗಿ ಮರದ ಮಂಚದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಕೆಲಸಕ್ಕಿಳಿದಿದ್ದ. ಟಿವಿಯ ಕೇಬಲ್ ಕಿತ್ತ, ಗುಂಯ್. ಸ್ಪೀಕರಿನ ವೈರು ಬದಲಿಸಿದ; ಗುಂಯ್. ಸದ್ದಿನ ಗುಂಡಿಯನ್ನು ಪೂರ್ತಿ ಇಳಿಸಿದರೂ ಅದೇ ಗುಂಯ್.

‘‘ಏನ್ ಬಾಯ್ ಅಣ್ಣಾ, ಕಿವಿಗೆ ತುಕ್ಕು ಹಿಡೀತಾ? ಒಂದು ಗಂಟೆಯಾಯ್ತು, ಜೀರುಂಡೆ ಕೂಗ್ತಾನೇ ಇದೆ’’ ಎಂದು ಲಿಯೆನ್ ಕೆಣಕಿದಳು.

ಆ ಮಾತು ಚುಚ್ಚಿತು. ಆಗಲೇ ಆಂಪಿನ ಬೆನ್ನಿಗೆ ಸ್ಕ್ರೂ ಹಾಕಿ ಕಟ್ಟಿದ್ದ ಸಣ್ಣ ತಂತಿ ಕಣ್ಣಿಗೆ ಬಿತ್ತು. ಕಿಟಕಿಯಿಂದ ಹೊರಹೋಗಿ, ಅಂಗಳದ ಮಣ್ಣಲ್ಲಿ ಹೂತ ಕಬ್ಬಿಣದ ಸರಳಿಗೆ ಸೇರುತ್ತಿತ್ತು. ಸ್ಕ್ರೂ ಸಡಿಲಿಸಿದ. ಗುಂಯ್ ನಿಂತಿತು.

‘‘ಅದನ್ನ ಮುಟ್ಬೇಡ ಮಗಾ, ಅವರು ಕಟ್ಟಿದ್ದು’’ ಎಂದಳು ಚಿಕ್ಕಮ್ಮ. ಅವರು ಎಂದರೆ ತೀರಿಕೊಂಡ ಗಂಡ.

‘‘ರೋಗದ ಬೇರೇ ಇದು ಚಿಕ್ಕಮ್ಮಾ. ಚಿಕ್ಕಪ್ಪ ಮೇಷ್ಟ್ರು, ಕರೆಂಟಿನ ವಿಷ್ಯ ಅವರಿಗೇನ್ ಗೊತ್ತಿತ್ತು?’’ ಎಂದು ನಕ್ಕು ತಂತಿ ಕತ್ತರಿಸಿದ್ದ. ಟೆಸ್ಟರ್ ಜೇಬಲ್ಲೇ ಇತ್ತು. ತೆಗೆಯಲಿಲ್ಲ.

ಮಣ್ಣಿಗೆ ಇಳಿಸಿದ ಅರ್ತ್ ತಂತಿ ಸುಮ್ಮಸುಮ್ಮನೆ ಸುಡುವುದಿಲ್ಲ. ಸುಟ್ಟಿದೆ ಎಂದರೆ ಅದರಲ್ಲಿ ದಿನಗಟ್ಟಲೆ ಕರೆಂಟು ಹರಿದಿದೆ. ಆಂಪಿನ ಟ್ರಾನ್ಸ್‌ಫಾರ್ಮರ್ ಒಳಗೇ ಕೆಟ್ಟು, ಕರೆಂಟು ಅದರ ತಗಡಿನ ಮೈಗೆ ಸೋರುತ್ತಿತ್ತು. ಸೋರಿದ್ದನ್ನು ಮೇಷ್ಟ್ರ ತಂತಿ ಮಣ್ಣಿಗೆ ಇಳಿಸುತ್ತಿತ್ತು. ಗುಂಯ್ ಅಂದದ್ದು ಅದಕ್ಕೆ. ಈಗ ಇಳಿಯಲು ದಾರಿಯಿಲ್ಲ. ಆ ಕರೆಂಟು ಆಂಪಿನಿಂದ ವೈರು ಹಿಡಿದು ಮೈಕಿನ ಲೋಹದ ಜಾಲರಿಯವರೆಗೂ ಬಂದು ಕಾಯುತ್ತಿದೆ. ತಾನು ನಿನ್ನೆ ಅದೇ ಮೈಕಿನಲ್ಲಿ ‘ಹಲೋ ಹಲೋ’ ಅಂದಿದ್ದನಲ್ಲ? ಅಂದಿದ್ದ, ಒಣಗಿದ ಮರದ ಮಂಚದ ಮೇಲೆ ಕೂತು. ಅದಕ್ಕೇ ಶಾಕ್ ಹೊಡೆದಿರಲಿಲ್ಲ.

ಇವತ್ತು ಆ ಮನೆಯ ಟೈಲ್ಸ್ ನೆಲ ತೊಳೆದು ಒದ್ದೆಯಾಗಿರುತ್ತದೆ. ಎಲ್ಲರದೂ ಬರಿಗಾಲು. ಚಿಕ್ಕಪ್ಪನ ಪಟದ ಮುಂದೆ ಹಚ್ಚಿದ ಊದುಬತ್ತಿ ಪೂರ್ತಿ ಉರಿಯುವ ತನಕ ಯಾರೂ ಉಣ್ಣುವುದಿಲ್ಲ, ಹಾಡುವುದಿಲ್ಲ. ಬತ್ತಿ ಆರಿದ ಮೇಲೆ ಮೊದಲು ಮೈಕ್ ಹಿಡಿಯುವವಳು ಚಿಕ್ಕಮ್ಮ. ಗಂಡನಿಗಿಷ್ಟವಾದ ಹಳೇ ಪದ ಒಂದನ್ನು ವರ್ಷವರ್ಷವೂ ಹಾಡುತ್ತಾಳೆ.

ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಬತ್ತಿ ಹಚ್ಚುವುದು ಹತ್ತೂವರೆಗೆ. ಲಿಯೆನ್‌ಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ, ಆಗಲೂ ಎತ್ತಲಿಲ್ಲ. ಎದ್ದು ಬಾಗಿಲಿಗೆ ಓಡಿದ.

‘‘ಕಾಫಿ ಕುಡೀದೆ ಎಲ್ಲಿಗ್ರೀ?’’ ಎಂದಳು ಕ್ವೀ.

‘‘ಚಿಕ್ಕಮ್ಮನ ಜೀವ ತೆಗೆಯೋ ಕೆಲ್ಸ ಮಾಡಿಟ್ಟು ಬಂದಿದೀನಿ ಕಣೇ!’’

ಕಡವಿನಲ್ಲಿ ದೋಣಿಯವನು ಬೀಡಿ ಹಚ್ಚುತ್ತಿದ್ದ. ‘‘ಇನ್ನಿಬ್ಬರು ಬರ್ಲಿ ತಡಿ ಅಣ್ಣಾ. ತಿಥಿ ಊಟ ಎಲ್ಲಿಗೂ ಓಡ್ಹೋಗಲ್ಲ.’’

‘‘ಬಿಡಪ್ಪಾ, ಕೈ ಮುಗೀತೀನಿ!’’ ಬಾಯ್‌ನ ಮುಖ ನೋಡಿದವನೇ ಬೀಡಿ ಎಸೆದು ಹಗ್ಗ ಬಿಚ್ಚಿದ.

ಹೊಳೆಯ ನಡುವೆ ಬರುವಷ್ಟರಲ್ಲಿ ಆಚೆ ದಡದಿಂದ, ಚಿಕ್ಕಮ್ಮನ ಮನೆಯ ಸ್ಪೀಕರಿನಲ್ಲಿ ಹಾಡಿಗೆ ಮೊದಲು ಬರುವ ತಂತಿವಾದ್ಯದ ಸದ್ದು ಕೇಳಿತು. ತೊಳೆದಿಟ್ಟ ಹಾಗೆ ಸ್ವಚ್ಛ. ನಿನ್ನೆ ಇದೇ ಸದ್ದಿಗೆ ಉಬ್ಬಿಹೋಗಿದ್ದ. ಈಗ ಒಂದಿಷ್ಟಾದರೂ ಗುಂಯ್ ಕೇಳಲಿ ಎಂದು ಹಾರೈಸುತ್ತ ದೋಣಿಯ ಅಂಚಿಗೆ ಬಂದು ನಿಂತ. ದೋಣಿ ದಡ ಮುಟ್ಟುವ ಮೊದಲೇ ಮೊಣಕಾಲುದ್ದದ ನೀರಿಗೆ ಹಾರಿ ಓಡಿದ. ದೇವರೇ, ಇನ್ನೊಂದು ಗೇಣು ಬತ್ತಿ ಉರಿಯಲಿ ಎಂದು ಬೇಡಿಕೊಂಡ. ಐವತ್ತೆಂಟರ ಮೈ, ಉಸಿರು ಸಿಕ್ಕಲಿಲ್ಲ.

ಬತ್ತಿ ಆರಿತ್ತು. ಚಿಕ್ಕಮ್ಮ ಕಾಲು ತೊಳೆದುಕೊಂಡು ಬಂದು ಪಟದ ಮುಂದೆ ನಿಂತಿದ್ದಳು. ಕಾಲಿನಿಂದ ಇಳಿದ ನೀರು ಟೈಲ್ಸ್ ಮೇಲೆ ಹರಿಯುತ್ತಿತ್ತು. ಮೈಕ್ ಎತ್ತಿಕೊಳ್ಳಲು ಕೈ ಚಾಚಿದ್ದಳು.

ಬಾಯ್ ಕೂಗಲಿಲ್ಲ, ಕೂಗಲು ಗಂಟಲಿರಲಿಲ್ಲ. ಎರಡು ಊಟದ ತಟ್ಟೆ ತುಳಿದುಕೊಂಡು ಹೋಗಿ ಗೋಡೆಯ ಪ್ಲಗ್ಗನ್ನು ಕಿತ್ತ.

ಸದ್ದು ಸತ್ತಿತು. ‘‘ಬೆಳಿಗ್ಗೇನೇ ಏರಿಸ್ಕೊಂಡು ಬಂದ್ಯೇನೋ?’’ ಎಂದು ಯಾರೋ ಬೈದರು. ಬಾಯ್ ಎಲ್ಲರನ್ನೂ ಹಿಂದೆ ಸರಿಸಿ, ಮತ್ತೆ ಪ್ಲಗ್ ಹಾಕಿ, ಮರದ ಮಂಚ ಹತ್ತಿ, ಮೂವತ್ತು ವರ್ಷದ ಶೋಭೆಯ ಟೆಸ್ಟರನ್ನು ಜೇಬಿನಿಂದ ತೆಗೆದು ಮೈಕಿಗೆ ಮುಟ್ಟಿಸಿದ. ಅದರ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿತು.

ಲಿಯೆನ್ ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಯಂತ್ರ ಹಳೇದು ಎಂದು ಹೇಳಿ ಬಾಯ್ ಜಾರಿಕೊಳ್ಳಬಹುದಿತ್ತು. ಆ ಮಾತು ನಾಲಿಗೆಯ ತುದಿವರೆಗೂ ಬಂದಿತ್ತು.

‘‘ನಾನೇ ಮಾಡಿದ್ದು. ತಂತಿ ಕತ್ತರಿಸಬಾರದಿತ್ತು’’ ಎಂದ.

ಚಿಕ್ಕಮ್ಮ ಬೈಯಲಿಲ್ಲ. ‘‘ಅವರು ಕಟ್ಟಿದ್ದು ಅಂದಿದ್ನಲ್ಲ ಮಗಾ’’ ಎಂದಳು ಅಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆಮೇಲೆ ಮೈಕಿಲ್ಲದೆಯೇ ಹಾಡಿದಳು, ನಡುಗುವ ಗಂಟಲಲ್ಲಿ. ಬಾಯ್‌ಗೆ ತಟ್ಟೆ ಹಾಕಿ ಕೂರಿಸಿದರು. ಹಾಗಲಕಾಯಿಯ ಸಾರನ್ನು ಹಾಗೇ ಬಿಟ್ಟು ಎದ್ದ.

ಆಂಪನ್ನು ಹೊತ್ತುಕೊಂಡು ಮನೆಗೆ ಬಂದಾಗ ಕ್ವೀ ನೀರು ಕೊಟ್ಟಳು, ನಡೆದದ್ದನ್ನು ಕೇಳಿ ಎದೆ ಮುಟ್ಟಿಕೊಂಡಳು. ‘‘ಹೋಗ್ಲಿ ಬಿಡ್ರಿ, ಬಚಾವಾಯ್ತು. ಬೇರೆ ಎಲ್ಲೂ ಹಾಗೆ ಕತ್ತರಿಸಿಲ್ಲ ತಾನೇ?’’

ಬಾಯ್ ನೀರಿನ ಲೋಟ ಕೆಳಗಿಟ್ಟ. ಬಿಸ್ಕತ್ತಿನ ಡಬ್ಬಿ ತಂದು ಚಾಪೆಯ ಮೇಲೆ ಸುರಿದ. ಒಂದೊಂದು ತುಂಡನ್ನೂ ಬೆಳಕಿಗೆ ಹಿಡಿದು ನೋಡಿದ. ಇದು ಹೊಳೆಯುತ್ತದೆ, ಸರಿ. ಇದೂ ಸರಿ. ಹಸಿರು ಕಿಲುಬು, ಪರವಾಗಿಲ್ಲ. ಡಬ್ಬಿಯ ತಳದಲ್ಲಿದ್ದ ಒಂದು ಕೆಂಪು ತಂತಿಯ ತುದಿ ಕಪ್ಪಾಗಿತ್ತು.

‘‘ಇದು ಯಾರ ಮನೇದ್ರೀ?’’

ನೆನಪಾಗಲಿಲ್ಲ. ಕಣ್ಣು ಮುಚ್ಚಿ ಬೀದಿಬೀದಿಯ ಮನೆಗಳನ್ನೆಲ್ಲ ಎಣಿಸಿದರೂ ನೆನಪಾಗಲಿಲ್ಲ. ಕಾಲುವೆಯಾಚೆ ಯಾರದೋ ಮನೆಯಲ್ಲಿ ಮಧ್ಯಾಹ್ನದ ಹಾಡು ಶುರುವಾಯಿತು, ಹೆಣ್ಣುಮಗುವೊಂದರ ಧ್ವನಿ. ಬಾಯ್ ಟೆಸ್ಟರ್ ಹಿಡಿದು ಎದ್ದು ನಿಂತು ಕಿವಿಗೊಟ್ಟ. ಎಲ್ಲೂ ಒಂದಿಷ್ಟೂ ಗುಂಯ್ ಇರಲಿಲ್ಲ.