ಸತ್ತವರ ಪರ ನಿಂತ ಟೈಲರ್

ಜಾಂಬಿ ಧಾರಾವಾಹಿಯ ಹೊಸ ಕಂತು ಬಂದ ಮರುದಿನ ಕೊರಟಗೆರೆಯ ಟೈಲರ್ ಮೂಡಲಗಿರಿಯಪ್ಪನಿಗೆ ಅಳತೆ ಕೊಟ್ಟರೆ ಅಂಗಿ ಕೆಟ್ಟಿತೆಂದೇ ಲೆಕ್ಕ; ಟೇಪು ನಮ್ಮ ಸೊಂಟದ ಮೇಲಿದ್ದರೂ ಮನಸ್ಸೆಲ್ಲ ಆ ಓಡಾಡುವ ಹೆಣಗಳ ಮೇಲೆ. ನಾವೆಲ್ಲ ಬದುಕಿದವರ ಪರವಾದರೆ ಈತ ಸತ್ತವರ ಪರ. “ಯಾರೂ ಎಡೆ ಇಕ್ಕಿಲ್ಲ ಕಣ್ಲಾ, ಹಸ್ಕೊಂಡವೆ, ಅದ್ಕೇ ಕಚ್ತವೆ. ಬಾಗ್ಲು ಹಾಕ್ಕೊಂಡು ಗುಂಡು ಹೊಡುದ್ರೆ ಹೊಟ್ಟೆ ತುಂಬ್ತದಾ?” ಎಂದು ನಾಯಕನನ್ನೇ ಬೈಯುತ್ತಾನೆ. ಹೋದ ವರ್ಷ ತೀರಿಕೊಂಡ ಹೆಂಡತಿಗೆ ಈ ಪಿತೃಪಕ್ಷದಲ್ಲಿ ಎಡೆಯಿಟ್ಟು, ಅವಳು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರನ್ನೂ ಹೊರಗೆ ನಿಲ್ಲಿಸಿದ. ಪಕ್ಕದ ಮನೆಯ ನಾನೂ ಇದ್ದೆ. ಅರ್ಧ ಗಂಟೆಯಾಯಿತು. “ಇನ್ನು ತೆಗೀಲಾ ಅಪ್ಪಾ?” ಎಂದು ಮಗಳು ವನಜಾ ಚಿಲಕಕ್ಕೆ ಕೈಯಿಟ್ಟಳು. ಮೂಡಲಗಿರಿಯಪ್ಪ ಆ ಕೈಯನ್ನು ಮೆಲ್ಲಗೆ ಹಿಡಿದ: “ತಡಿಯವ್ವಾ, ನಿಮ್ಮವ್ವ ಉಣ್ಣೋದು ನಿಧಾನ.”