ತಲೆಬಾಗಿಲ ಮೊಳೆ

ನಮ್ಮ ಓಣಿಯಲ್ಲಿ ಸೈಕಲ್ಲಿಗೆ ಕೀಲಿ ಹಾಕಬೇಡ ಅಂತ ಯಾರೂ ಅನ್ನುವುದಿಲ್ಲ. ಹಾಕಿದ ಮೇಲೆ ಕೀಲಿಕೈಯನ್ನು ತಲೆಬಾಗಿಲ ಮೊಳೆಗೆ ನೇತುಹಾಕಬೇಕು, ಅಷ್ಟೇ. ಹಿಟ್ಟಿನ ಗಿರಣಿಗೆ ಹೋಗುವವರು ಕೇಳದೆ ಒಯ್ಯುತ್ತಾರೆ, ಹೇಳದೆ ತಂದು ನಿಲ್ಲಿಸುತ್ತಾರೆ. ಕೀಲಿಕೈ ಒಳಗಿಟ್ಟರೆ ಓಣಿಯವರನ್ನೆಲ್ಲ ಕಳ್ಳರೆಂದು ಕರೆದ ಹಾಗೆ. ಸೊಸೆಯಾಗಿ ಬಂದ ದಿನದಿಂದ ಆ ಮೊಳೆಯನ್ನು ನೋಡುತ್ತಿದ್ದೇನೆ. ಈಗ ನೋಡಿದರೆ ಮೈ ಉರಿಯುತ್ತದೆ.

ಕಳುವಾದದ್ದು ನನ್ನ ಮಗಳ ಸೈಕಲ್ಲು. ನಮ್ಮದು ಶಹಾಪುರದ ಹತ್ತಿರದ ಹಳ್ಳಿ, ಹೈಸ್ಕೂಲು ಇರುವುದು ಶಹಾಪುರದಲ್ಲಿ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಗಂಡ ಮೊದಲೇ ಹೇಳಿಬಿಟ್ಟಿದ್ದ: "ಸೈಕಲ್ ಇರೋತನಾ ಸಾಲಿ. ನಡಕೋತ ಹೋಗದೇನು ಬ್ಯಾಡ."

ಆ ಭಾನುವಾರ ನಾನೂ ಮಗಳೂ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದೆವು. ತಿರುಗಿ ಬಂದಾಗ ಸೈಕಲ್ಲೂ ಇಲ್ಲ, ಮೊಳೆಯ ಮೇಲೆ ಕೀಲಿಕೈಯೂ ಇಲ್ಲ. ಅತ್ತೆ ನಿಶ್ಚಿಂತೆಯಿಂದ ಜೋಳ ಹಸನು ಮಾಡುತ್ತಿದ್ದರು.

"ಬಿಳಿ ಅಂಗಿ ಹಾಕ್ಕೊಂಡು ಒಬ್ಬಾಂವ ಬಂದಿದ್ದ. ಮೂಲಿಮನಿ ಬೀಗರು ಇರಬೇಕು, ಒಯ್ದಾನ" ಅಂದರು.

"ಯಾರು ಏನು ಅಂತ ಕೇಳಬಾರದೇನ್ರಿ ಅತ್ತಿ?"

"ಬೀಗರಿಗಿ ಹಂಗ ಕೇಳಾಕ ಬರ್ತದೇನು? ಚಾ ಬ್ಯಾಡ ಅಂದ, ನಾನೇ ಕುಡಿಸಿ ಕಳಿಸೀನಿ."

ಚಹದ ಜೊತೆ ಮಂಡಕ್ಕಿಯ ಸುಸಲಾ ಕೂಡ ಕೊಟ್ಟಿದ್ದರಂತೆ! ಹಿಂದಿನ ಗಾಲಿಯಲ್ಲಿ ಗಾಳಿ ಇಲ್ಲವೆಂದು ಅವನು ಬೀದಿಯಲ್ಲಿ ನಿಂತಾಗ, ಕಟ್ಟೆಯ ಮೇಲೆ ಕುಳಿತ ಹಿರಿಯರು ಪಂಪು ತರಿಸಿ ಗಾಳಿಯನ್ನೂ ಹೊಡೆಸಿದ್ದರು. ಮೂಲೆಮನೆಗೆ ಓಡಿಹೋಗಿ ಕೇಳಿದೆ. ಅವರ ಮನೆಗೆ ಯಾವ ಬೀಗರೂ ಬಂದಿರಲಿಲ್ಲ.

ಪೊಲೀಸರಿಗೆ ಹೇಳೋಣವೆಂದರೆ ಒಬ್ಬರೂ ಎದ್ದು ಬರಲಿಲ್ಲ. "ಯಾರರೆ ಒಯ್ದಿರ್ತಾರ, ತಂದು ಇಡ್ತಾರ ತಗೋ" ಎಂದು ನನಗೇ ಸಮಾಧಾನ ಹೇಳಿದರು. ಯಾರೂ ತಂದಿಡಲಿಲ್ಲ. ಆ ವಾರವೆಲ್ಲ ಮಗಳು ಪಾಟಿಚೀಲ ಮಡಿಲಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಳು. ಕಡೆಗೆ ನನ್ನ ಗಂಡ "ಆತು, ಇನ್ನ ಸಾಲಿ ಸಾಕು" ಅಂದ. ಕಟ್ಟೆಯವರು ಹೌದು ಹೌದೆಂದು ತಲೆ ಆಡಿಸಿದರು. ಕಳ್ಳನ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅವನು ಒಯ್ದದ್ದು ಸೈಕಲ್ಲು. ಇವರು, ಅವನಿಗೆ ಗಾಳಿ ಹೊಡೆಸಿ ಕಳಿಸಿದ ಇವರು, ನನ್ನ ಮಗಳ ಶಾಲೆಯನ್ನೇ ಮುಗಿಸಲು ಕೂತಿದ್ದರು.

ಕೆಂಭಾವಿಯ ನನ್ನ ಅಣ್ಣನಿಗೆ ಫೋನು ಹಚ್ಚಿ ಅತ್ತುಬಿಟ್ಟೆ. ಅವನು ತನ್ನ ಹಳೆಯ ಗಂಡಸರ ಸೈಕಲ್ಲನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ತಂದ. ಹುಡುಗಿ ಅಡ್ಡಕಂಬಿಯ ಸೈಕಲ್ಲು ಹೊಡೆದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಕಟ್ಟೆಯವರು ಅದಕ್ಕೂ ಕೊಂಕು ತೆಗೆದರು. ನಾನು ಅದನ್ನು ಒಳಗೆ ಒಯ್ದು, ಎತ್ತು ಕಟ್ಟುವ ಕಬ್ಬಿಣದ ಬಳೆಗೆ ಸರಪಳಿಯಿಂದ ಬಿಗಿದು ಕೀಲಿ ಹಾಕಿದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯವನು ಬಂದು, ರೂಢಿಯಂತೆ ಮೊಳೆಗೆ ಕೈಹಾಕಿದ.

"ಕೀಲಿಕೈ ಎಲ್ಲಿ ಅದ ಅಕ್ಕಾರ?"

ಸೆರಗಿನೊಳಗಿಂದ ತಾಳಿ ಹೊರಗೆ ಎಳೆದು ತೋರಿಸಿದೆ. ಎರಡು ಪಿನ್ನುಗಳ ನಡುವೆ ಕೀಲಿಕೈ ಇತ್ತು. ಅವನು ಬಂದ ದಾರಿಯಲ್ಲೇ ಹೊರಟುಹೋದ. ಅತ್ತೆ ಹಣೆ ಹಣೆ ಬಡಿದುಕೊಂಡರು.

"ತಾಳ್ಯಾಗ ಇಂಥಾದ್ದೆಲ್ಲ ಕಟ್ತಾರೇನವಾ? ಓಣ್ಯಾಗ ಏನಂದಾರು?"

"ಪಿನ್ನ ಹಾಕಿದ್ರ ನಡೀತದ, ಇದಕ್ಕೇನಾತ್ರಿ? ಅನ್ನೋರು ಅನ್ಲಿ. ಸಾಲಿ ಬಿಡಿಸಾಕ ಬಾಯಿ ಬಂದಿತ್ತಲ್ಲ ಅವರಿಗಿ!"

ಈಗ ದಿನಾ ಬೆಳಿಗ್ಗೆ ಎತ್ತಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೊರಳು ಬಗ್ಗಿಸಿ ಕೀಲಿ ತೆಗೆಯುತ್ತೇನೆ. ಮಗಳು ಅಡ್ಡಕಂಬಿಯ ಮೇಲೆ ಕಾಲು ಹಾಯಿಸಿ, ಕಟ್ಟೆಯ ಮುಂದೆಯೇ ಗಂಟೆ ಬಾರಿಸುತ್ತ ಹೋಗುತ್ತಾಳೆ. ನನ್ನ ಗಂಡ ಆ ಕೀಲಿಕೈಯನ್ನು ಇನ್ನೂ ಕೇಳಿಲ್ಲ. ಕೇಳಬೇಕಾದರೆ, ತಾನು ಕಟ್ಟಿದ್ದನ್ನೇ ಬಿಚ್ಚಿ ಕೊಡು ಎಂದು ನನಗೆ ಹೇಳಬೇಕು.