ಹುಲಿಯಮ್ಮ ಗೀರಿದ ಗುರುತು

ಹೊಸನಗರದ ಸುತ್ತಲಿನ ಹಳ್ಳಿಗಳಿಗೆ ಮೊಪೆಡ್ಡಿನಲ್ಲಿ ಒಣಮೀನು ಮಾರುವ ಹುಲಿಯಮ್ಮ ಯಾರನ್ನೂ ನಂಬುವವಳಲ್ಲ. ಹೋಟೆಲಿನವನು ಚಾ ಕೊಟ್ಟರೆ ಮೊದಲು ಮೂಸುತ್ತಾಳೆ. ಪೆಟ್ರೋಲ್ ಬಂಕಿನಲ್ಲಿ ಮೀಟರ್ ನೋಡಲು ಜೊತೆಗೊಬ್ಬರನ್ನು ಕರೆದೊಯ್ಯುತ್ತಾಳೆ. ಆ ಜೊತೆಯವರ ಮೇಲೂ ಅವಳದೊಂದು ಕಣ್ಣು. ಇಂಥವಳ ಗಾಡಿ ರಿಪೇರಿ ಮಾಡುವ ಕರ್ಮ ಬಸ್ ಸ್ಟ್ಯಾಂಡ್ ಪಕ್ಕ ಗ್ಯಾರೇಜಿಟ್ಟುಕೊಂಡ ನನ್ನದು.

ಈ ಸಲ ಮಳೆ ಹಿಡಿಯುವ ಮುಂಚೆ ಅವಳ ಮೊಪೆಡ್ಡಿನ ಹೆಡ್ಡು ಬಿರುಕು ಬಿಟ್ಟಿತು. ಹೆಡ್ಡೆಂದರೆ ಸಿಲಿಂಡರಿನ ಮೇಲೆ ಕೂರುವ ಅಲ್ಯೂಮಿನಿಯಂ ಮುಚ್ಚಳ. ಅಷ್ಟು ಹಳೇ ಗಾಡಿಗೆ ಹೊಸದು ತೀರ್ಥಹಳ್ಳಿಯಲ್ಲೂ ಇಲ್ಲ, ಶಿವಮೊಗ್ಗದಲ್ಲೂ ಇಲ್ಲ. ಸಾಗರದ ಗುಜರಿ ಅಂಗಡಿಯಲ್ಲಿ ಮಸಿ ಹಿಡಿದ ಒಂದನ್ನು ಹುಡುಕಿ, ಚೌಕಾಸಿ ಮಾಡಿ, ಸೆರಗಿನಲ್ಲಿ ಕಟ್ಟಿಕೊಂಡು ತಂದಳು.

"ಗಣೇಶ, ಇದನ್ನ ಹೊಸದರ ಹಂಗೆ ಮಾಡ್ಕೊಡು. ಖರ್ಚು ಬೆಳೆಸ್ಬೇಡ ಮತ್ತೆ. ಮಳೆಗಾಲಕ್ಕೆ ಅಂತ ಜನ ಮೀನು ತಗೊಂಡಿಡೋ ಹೊತ್ತು. ಹಾಕೋ ಮುಂಚೆ ನಂಗೆ ತೋರಿಸ್ಬೇಕು" ಎಂದಳು.

ವಾಟೆಕಾಯಿಯ ಹುಳಿನೀರಿನಲ್ಲಿ ನೆನೆಹಾಕಿ, ಬಿದಿರು ಚಕ್ಕೆಯಿಂದ ಮಸಿ ಕೆರೆದು, ಡೀಸೆಲ್ಲಿನಲ್ಲಿ ತೊಳೆದೆ. ಮಗುಚಿ ನೋಡಿದೆ. ಸಿಲಿಂಡರಿಗೆ ಅಂಟಿ ಕೂರಬೇಕಾದ ನುಣುಪು ಅಂಚಿನ ಮೇಲೆ ಯಾರೋ ಮೊಳೆಯಿಂದ ಕತ್ತರಿ ಗುರುತು ಕೊರೆದಿದ್ದರು. ಅಲ್ಲಿ ಗೀರು ಬಿದ್ದರೆ ಗಾಳಿ ಸೋರುತ್ತದೆ, ಗಾಡಿ ಎಳೆಯುವುದಿಲ್ಲ. ಆ ಗುಜರಿಯವನೇ ಬೇಕಂತ ಹಾಳು ಹೆಡ್ಡು ದಾಟಿಸಿದ್ದಾನೆಂದು ಅವನ ವಂಶವನ್ನೆಲ್ಲ ಬೈದೆ. ಲೇತಿನವರಿಗೆ ಕೊಟ್ಟರೆ ಹೆಡ್ಡಿಗಿಂತ ಕೂಲಿಯೇ ಜಾಸ್ತಿ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ನೀರು ಚಿಮುಕಿಸಿ, ಹೆಡ್ಡನ್ನು ಬೋರಲು ಹಾಕಿ ದಿನವಿಡೀ ಉಜ್ಜಿದೆ. ರಟ್ಟೆ ಬಿದ್ದುಹೋಯಿತು. ಗೀರು ಮಾಯವಾದಾಗ ನನಗೆ ನಾನೇ ಶಭಾಷ್ ಅಂದುಕೊಂಡೆ.

ಹುಲಿಯಮ್ಮ ಬಂದವಳೇ ಹೆಡ್ಡು ಮಗುಚಿದಳು.

"ಇದು ನಂದಲ್ಲ."

"ಎಂಥದಕ್ಕಾ ಹಂಗಂದ್ರೆ?"

"ನಂದಕ್ಕೆ ಮೊಳೇಲಿ ಗುರುತು ಹಾಕೇ ಕೊಟ್ಟಿದ್ದೆ. ಹೊರಗೆ ಕಾಣ್ಬಾರ್ದು ಅಂತ ಒಳಮೈಗೆ ಹಾಕಿದ್ದೆ. ಎಲ್ಲಿ ಅದು? ನನ್ನದನ್ನ ಯಾರಿಗೆ ಮಾರ್ಕೊಂಡ್ಯ?"

ಸಿಟ್ಟು ನೆತ್ತಿಗೇರಿತು. "ಆ ಗೀರು ನಿಂದಾ! ಅದನ್ನ ತೆಗೆಯಕ್ಕೇ ಅಲ್ದನಾ ನಾನು ಸತ್ತಿದ್ದು!" ಎಂದು ಕೂಗಿದೆ. ಅವಳು ನಂಬಿದರೆ ತಾನೆ? ಹೆಡ್ಡನ್ನು ಬೆಂಚಿನ ಮೇಲೆ ಕುಕ್ಕಿ, ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿದಳು. ಮೀನಿನ ಜೊತೆ ನನ್ನ ಹೆಸರೂ ಮನೆಮನೆಗೆ ಹೋಯಿತು. ಆ ವಾರ ಗ್ಯಾರೇಜಿಗೆ ಪಂಕ್ಚರ್ ಬಿಟ್ಟರೆ ಬೇರೆ ಕೆಲಸ ಬರಲಿಲ್ಲ. ಬಂದ ಒಬ್ಬಿಬ್ಬರೂ ನನ್ನ ಕೈಯನ್ನೇ ನೋಡುತ್ತಾ ನಿಂತರು. ಇಷ್ಟು ವರ್ಷ ನಿಯತ್ತಾಗಿ ದುಡಿದವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಬಸ್ಸಿಗೆ ಓಡಾಡಿ ಕಾಲು ಸೋತ ಮೇಲೆ ಹುಲಿಯಮ್ಮ ತಿರುಗಿ ಬಂದಳು. "ನನ್ನ ಹೆಡ್ಡು ವಾಪಸ್ ತಂದ್ಯಾ ಇಲ್ವಾ?" ಅನ್ನುವಷ್ಟರಲ್ಲಿ ಕೆರಿಯಪ್ಪ ಬಂದ, ಅವಳ ಕಾಯಂ ಗಿರಾಕಿ. ಹಳೇ ಬೈಕಿನ ಹೆಡ್ಡು ಬಿಚ್ಚಿ ತಂದಿದ್ದ, ಚೊಕ್ಕ ಮಾಡಬೇಕಂತೆ. ಮಗುಚಿ ನೋಡಿದೆ. ಅದೇ ಅಂಚು, ಅದೇ ಥರ ಮೊಳೆ ಗೀರು! ಆಳ ಮಾತ್ರ ಅಷ್ಟಿರಲಿಲ್ಲ.

"ಯಾರು ಮಾರಾಯ ನಿಂಗೆ ಇಲ್ಲಿ ಗೀರಕ್ಕೆ ಹೇಳಿದ್ದು?"

"ಇವಳೇ. ಗಣೇಶನ ಕೈಗೆ ಕೊಡೋ ಮುಂಚೆ ಗುರುತು ಹಾಕು ಅಂದ್ಲು."

ಕೆರಿಯಪ್ಪ ಎಲೆ ಅಡಿಕೆ ತರಲು ಹೋದ. ನಾನು ಅವನ ಹೆಡ್ಡನ್ನು ಹುಲಿಯಮ್ಮನ ಕೈಗೆ ಕೊಟ್ಟು ಎಮರಿ ಹಾಸಿದ ಗಾಜು ತೋರಿಸಿದೆ. "ಉಜ್ಜಕ್ಕಾ. ನೀನೇ ಉಜ್ಜು."

ನನ್ನನ್ನು ದುರುಗುಟ್ಟಿ ನೋಡುತ್ತಲೇ ಉಜ್ಜಿದಳು. ನಡುನಡುವೆ ಎತ್ತಿ ನೋಡಿದಳು. ಗೀರು ತೆಳುವಾಯಿತು, ಎಳೆಯಾಯಿತು, ಕೊನೆಗೆ ಇಲ್ಲವಾಯಿತು. ಬೆರಳಿನಿಂದ ಅಂಚನ್ನು ಸವರಿ ನೋಡಿದಳು. ಅವಳ ಮುಖ ಇಳಿದದ್ದು ಕಂಡು ನನಗೆ ಒಳಗೊಳಗೇ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ?

ಅಷ್ಟರಲ್ಲಿ ಕೆರಿಯಪ್ಪ ಬಂದು ಅವಳ ಕೈಯಿಂದ ಹೆಡ್ಡು ಇಸಿದುಕೊಂಡ. ತಿರುಗಿಸಿದ, ಮುರುಗಿಸಿದ.

"ಇದು ನಂದಲ್ಲ. ಗುರುತೇ ಇಲ್ಲ. ಹುಲಿಯಮ್ಮ, ನೀನೂ ಇವನ ಜೊತೆ ಸೇರ್ಕೊಂಡ್ಯಾ?"

ಹುಲಿಯಮ್ಮ ಕಪ್ಪು ಮೆತ್ತಿದ ಎರಡೂ ಕೈ ಅವನ ಮುಂದೆ ಚಾಚಿದಳು. "ಅಯ್ಯೋ ಮಾರಾಯ, ನಾನೇ ಉಜ್ಜಿದ್ದು! ದೇವ್ರಾಣೆ ನಿಂದೇ ಅದು!" ಎಂದಳು. ಕೆರಿಯಪ್ಪ ಅವಳನ್ನೂ ನನ್ನನ್ನೂ ನೋಡಿ ನಂಬದವನಂತೆ ತಲೆಯಾಡಿಸಿದ. ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಹಂಗೆ ಮಾಡೋನಲ್ಲ ಗಣೇಶ" ಎಂದಳು, ಅವನಿಗೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಅವಳ ಹೆಡ್ಡು ಕೂರಿಸಿದೆ. ಗಾಡಿ ಒಂದೇ ತುಳಿತಕ್ಕೆ ಹೊರಟಿತು. ಮೀನಿನ ಬುಟ್ಟಿಯನ್ನು ನನ್ನ ಗ್ಯಾರೇಜಿನಲ್ಲೇ, ಮುಚ್ಚಳವನ್ನೂ ಕಟ್ಟದೆ ಬಿಟ್ಟು, ಹುಲಿಯಮ್ಮ ಖಾಲಿ ಗಾಡಿಯಲ್ಲಿ, ನನ್ನ ಹೆಸರು ಕೆಡಿಸಿ ಬಂದ ಹಳ್ಳಿಗಳ ಕಡೆಗೇ ಹೋದಳು.